ರಾಜ್ಯವೊಂದು ಅಮೆರಿಕ ಬಿಟ್ಟು ಹೋಗಬಹುದಾ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಚುನಾವಣೆ ಮುಗಿದು, ಸೋತವರಿಗೆ ಸಿಟ್ಟು ನೆತ್ತಿಗೇರಿದಾಗಲೆಲ್ಲ ಒಂದು ಸುದ್ದಿ ಓಡಾಡುತ್ತದೆ. ಟೆಕ್ಸಾಸ್ ಬೇರೆ ದೇಶ ಆಗುತ್ತಂತೆ, ಕ್ಯಾಲಿಫೋರ್ನಿಯಾ ಹೊರಗೆ ಹೋಗುತ್ತಂತೆ. ಹಿಂದೆಯೇ ನನಗೆ ಪ್ರಶ್ನೆಗಳೂ ಬರುತ್ತವೆ. ಮದುವೆ ಊಟದ ಪಂಕ್ತಿಯಲ್ಲಿ ಕೇಳಿದ್ದು, ಫೋನಿನಲ್ಲಿ ಕೇಳಿದ್ದು, ಪತ್ರದಲ್ಲಿ ಬರೆದಿದ್ದು, ಎಲ್ಲ ಸೇರಿಸಿ ಇಲ್ಲಿ ಜೋಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟು ಹಾಗೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಗ್ಗಂಟು ಆಮೇಲೆ.

## ಮೊದಲು ತಿಳಿಯಬೇಕಾದ್ದು

ಅಮೆರಿಕದ ‘ಸ್ಟೇಟ್’ ಅಂದರೆ ನಮ್ಮ ರಾಜ್ಯದ ಥರಾನೇ ಅಲ್ವಾ?

ಹೆಸರು ಒಂದೇ, ಹುಟ್ಟಿದ ರೀತಿ ಬೇರೆ. 1776ರಲ್ಲಿ ಬ್ರಿಟನ್ನಿನ ಕೈಯಿಂದ ಬಿಡಿಸಿಕೊಂಡಾಗ ಅಲ್ಲಿ ಇದ್ದದ್ದು 13 ವಸಾಹತುಗಳು. ಒಂದೊಂದಕ್ಕೂ ತನ್ನದೇ ಶಾಸನಸಭೆ, ತನ್ನದೇ ಕೋರ್ಟು, ತನ್ನದೇ ಸಾಲ. ಅವು ಮೊದಲು ಒಂದು ಸಡಿಲವಾದ ಒಪ್ಪಂದ ಮಾಡಿಕೊಂಡವು. ಅದು ಜಾರಿಗೆ ಬಂದದ್ದು 1781ರಲ್ಲಿ. ಅದರ ಪ್ರಕಾರ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಯುದ್ಧ ಮಾಡಿ ಬಂದ ಸೈನಿಕರಿಗೆ ಸಂಬಳ ಕೊಡಲೂ ರಾಜ್ಯಗಳ ಮುಂದೆ ಕೈ ಚಾಚಬೇಕಿತ್ತು. ಇದು ನಡೆಯುವ ಮಾತಲ್ಲ ಅನ್ನಿಸಿ 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕೂತು ಈಗಿನ ಸಂವಿಧಾನ ಬರೆದರು.

ಹೀಗಾಗಿ ಅಲ್ಲಿ ರಾಜ್ಯಗಳು ಮೊದಲು, ಕೇಂದ್ರ ಆಮೇಲೆ. ಇವತ್ತಿಗೂ ಪ್ರತಿ ರಾಜ್ಯಕ್ಕೂ ತನ್ನದೇ ಸಂವಿಧಾನ ಇದೆ. ಇನ್ನೊಂದು ಗೊಂದಲ ಈಗಲೇ ಬಗೆಹರಿಸಿಬಿಡೋಣ: ಅಲ್ಲಿನ ಗವರ್ನರ್ ನಮ್ಮ ರಾಜ್ಯಪಾಲರ ಹಾಗಲ್ಲ. ಜನ ನೇರವಾಗಿ ಓಟು ಹಾಕಿ ಆರಿಸಿದವರು. ಕೆಲಸದ ಲೆಕ್ಕದಲ್ಲಿ ನಮ್ಮ ಮುಖ್ಯಮಂತ್ರಿಗೆ ಹತ್ತಿರ.

ವಾಷಿಂಗ್ಟನ್‌ಗೆ ಯಾವ ಅಧಿಕಾರ, ರಾಜ್ಯಕ್ಕೆ ಯಾವುದು? ನಮ್ಮಲ್ಲಿರುವ ಹಾಗೆ ಪಟ್ಟಿ ಇದೆಯಾ?

ನಮ್ಮಲ್ಲಿ ಮೂರು ಪಟ್ಟಿ ಇದ್ದರೆ ಅಲ್ಲಿ ಒಂದೇ. ಸಂವಿಧಾನದ ಮೊದಲ ವಿಧಿಯ 8ನೇ ಸೆಕ್ಷನ್‌ನಲ್ಲಿ ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ಏನೇನು ಮಾಡಬಹುದು ಅಂತ ಬರೆದಿದೆ: ತೆರಿಗೆ, ಸಾಲ, ನಾಣ್ಯ, ಅಂಚೆ, ಸೈನ್ಯ, ಪೌರತ್ವ, ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ. ಕೇಂದ್ರಕ್ಕೆ ಕೊಡದ, ರಾಜ್ಯಗಳಿಗೆ ಬೇಡ ಅನ್ನದ ಅಧಿಕಾರ ಎಲ್ಲ ರಾಜ್ಯಗಳದ್ದು ಅಥವಾ ಜನರದ್ದು ಅಂತ 1791ರ 10ನೇ ತಿದ್ದುಪಡಿ ಹೇಳುತ್ತದೆ. ಆದರೆ ಕೇಂದ್ರದ ಕಾನೂನಿಗೂ ರಾಜ್ಯದ ಕಾನೂನಿಗೂ ಢಿಕ್ಕಿಯಾದರೆ ಕೇಂದ್ರದ್ದೇ ಮೇಲು, ಅದು ಸಂವಿಧಾನದ ಚೌಕಟ್ಟಿನೊಳಗೆ ಇರುವ ತನಕ. ಆ ಕಡೆಯ ಮಾತಿನ ಮೇಲೇ ಇನ್ನೂರು ವರ್ಷದಿಂದ ವಕೀಲರು ಜೀವನ ಮಾಡುತ್ತಿದ್ದಾರೆ.

ಬಿಟ್ಟು ಹೋಗುವ ಬಗ್ಗೆ ಸಂವಿಧಾನದಲ್ಲಿ ಏನು ಬರೆದಿದೆ?

ಏನೂ ಇಲ್ಲ. ಹೋಗಬಹುದು ಅಂತಲೂ ಇಲ್ಲ, ಹೋಗಬಾರದು ಅಂತಲೂ ಇಲ್ಲ. ಹೊಸ ರಾಜ್ಯ ಒಳಗೆ ಬರುವುದು ಹೇಗೆ ಅಂತ ಬರೆದವರು ಹೊರಗೆ ಹೋಗುವ ಬಾಗಿಲಿನ ಬಗ್ಗೆ ತುಟಿ ಬಿಚ್ಚಲಿಲ್ಲ.

ಈ ಮೌನವನ್ನು ಇಬ್ಬರೂ ತಮ್ಮ ಕಡೆಗೆ ಎಳೆದರು. ಒಂದು ಕಡೆಯವರ ವಾದ: ನಿಷೇಧ ಇಲ್ಲ, 10ನೇ ತಿದ್ದುಪಡಿ ಇದೆ, ಆದ್ದರಿಂದ ಹೋಗುವ ಹಕ್ಕು ರಾಜ್ಯದ ಹತ್ತಿರವೇ ಉಳಿದಿದೆ. 1788ರಲ್ಲಿ ವರ್ಜೀನಿಯಾ ಸಂವಿಧಾನ ಒಪ್ಪುವಾಗ, ಜನ ಕೊಟ್ಟ ಅಧಿಕಾರ ದುರುಪಯೋಗ ಆದರೆ ಜನ ವಾಪಸ್ ಪಡೆಯಬಹುದು ಅಂತ ಬರೆದುಕೊಂಡಿತ್ತು. ಅದನ್ನೂ ಇವರು ತೋರಿಸುತ್ತಾರೆ. ಇನ್ನೊಂದು ಕಡೆಯವರು ಹೇಳುವುದು: ಹಳೆಯ ಒಪ್ಪಂದದಲ್ಲೇ ಈ ಒಕ್ಕೂಟ ಶಾಶ್ವತ ಅಂತ ಬರೆದಿತ್ತು, ಹೊಸ ಸಂವಿಧಾನ ಬಂದದ್ದು ಅದನ್ನು ಇನ್ನೂ ಗಟ್ಟಿ ಮಾಡಲು. ಅದೇ 1788ರಲ್ಲಿ, ಬೇಕಾದಾಗ ಹೊರಗೆ ಬರುವ ಹಕ್ಕು ಇಟ್ಟುಕೊಂಡು ಒಪ್ಪಬಹುದಾ ಅನ್ನುವ ಮಾತು ನ್ಯೂಯಾರ್ಕಿನಲ್ಲಿ ಎದ್ದಿತು. ಷರತ್ತು ಹಾಕಿ ಒಪ್ಪಿದರೆ ಅದು ಒಪ್ಪಿದ ಹಾಗೇ ಅಲ್ಲ, ಒಪ್ಪಿಗೆ ಪೂರ್ತಿಯಾಗಿ ಮತ್ತು ಎಂದೆಂದಿಗೂ ಇರಬೇಕು ಅಂತ ಮ್ಯಾಡಿಸನ್, ನ್ಯೂಯಾರ್ಕಿನ ನಾಯಕ ಹ್ಯಾಮಿಲ್ಟನ್‌ಗೆ ಬರೆದ. ಸಂವಿಧಾನ ಬರೆಯುವುದರಲ್ಲಿ ಮುಂದಾಳಾಗಿದ್ದವನೇ ಹಾಗೆ ಹೇಳಿದ್ದರಿಂದ ನನಗೆ ಎರಡನೆಯ ವಾದವೇ ತೂಕದ್ದು ಅನ್ನಿಸುತ್ತದೆ.

ಸುತ್ತಿ ಬಳಸಿ ಬೇಡ. ಇವತ್ತು ಒಂದು ರಾಜ್ಯ ಓಟು ಹಾಕಿ ಹೊರಗೆ ಹೋಗಬಹುದಾ?

ಇಲ್ಲ. ತಾನೊಂದೇ ತೀರ್ಮಾನ ಮಾಡಿ ಹೋಗುವ ಹಾಗಿಲ್ಲ.

## ಹಳೆಯ ಕಥೆ

1860ಕ್ಕೆ ಮೊದಲು ಈ ಮಾತು ಯಾರೂ ಎತ್ತಿರಲಿಲ್ಲವಾ?

ಎತ್ತದೇ ಇದ್ದವರು ಯಾರು ಅಂತ ಕೇಳಿ! 1860-61ರಲ್ಲಿ ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ಹೊರಗೆ ಹೋಗಿ ಅಂತರ್ಯುದ್ಧ ಆಯಿತು, ನಿಜ. ಆದರೆ ಈ ಮಾತು ದಕ್ಷಿಣದವರ ಸ್ವತ್ತು ಅನ್ನುವುದು ತಪ್ಪು ತಿಳುವಳಿಕೆ.

1798ರಲ್ಲಿ ಸರ್ಕಾರವನ್ನು ಟೀಕಿಸಿದರೆ ಜೈಲು ಅನ್ನುವ ಕಾನೂನು ಬಂತು. ಅದರ ವಿರುದ್ಧ ಕೆಂಟುಕಿಗೆ ಜೆಫರ್ಸನ್, ವರ್ಜೀನಿಯಾಕ್ಕೆ ಮ್ಯಾಡಿಸನ್ ಗುಟ್ಟಾಗಿ ನಿರ್ಣಯ ಬರೆದುಕೊಟ್ಟರು. ಕೇಂದ್ರ ಗೆರೆ ದಾಟಿದರೆ ರಾಜ್ಯ ಎದುರು ನಿಲ್ಲಬಹುದು ಅಂತ ಅದರ ಸಾರ. ಜೆಫರ್ಸನ್ ಆಗ ಉಪಾಧ್ಯಕ್ಷ. 1814ರ ಡಿಸೆಂಬರ್‌ನಲ್ಲಿ ಉತ್ತರದ ಮ್ಯಾಸಚೂಸೆಟ್ಸ್, ಕನೆಕ್ಟಿಕಟ್ ಕಡೆಯವರು ಹಾರ್ಟ್‌ಫರ್ಡ್‌ನಲ್ಲಿ ಸಭೆ ಸೇರಿದರು. ಬ್ರಿಟನ್ ಜೊತೆ ನಡೆಯುತ್ತಿದ್ದ ಯುದ್ಧ ಅವರ ಹಡಗು ವ್ಯಾಪಾರವನ್ನು ಹಾಳು ಮಾಡಿತ್ತು. ಹೊರಗೆ ಹೋಗುವ ಮಾತೂ ಕೇಳಿಬಂತು, ಆದರೆ ಸಭೆ ಅಷ್ಟು ದೂರ ಹೋಗದೆ ತಿದ್ದುಪಡಿ ಕೇಳಿತು. ಅವರ ದೂತರು ವಾಷಿಂಗ್ಟನ್ ತಲುಪುವ ಹೊತ್ತಿಗೆ ಯುದ್ಧ ಮುಗಿದ ಸುದ್ದಿಯೂ ಬಂತು. ಊರಿಗೆಲ್ಲ ಹಬ್ಬ, ಇವರಿಗೆ ಮುಖಭಂಗ. ಅವರ ಫೆಡರಲಿಸ್ಟ್ ಪಕ್ಷ ಆಮೇಲೆ ಮೇಲೇಳಲಿಲ್ಲ.

ಮೂರನೆಯದು 1832ರಲ್ಲಿ. ಆಮದು ಸುಂಕ ಜಾಸ್ತಿಯಾಯಿತು ಅಂತ ಸೌತ್ ಕ್ಯಾರೋಲಿನಾ ಕೇಂದ್ರದ ಕಾನೂನನ್ನೇ ತನ್ನ ಗಡಿಯೊಳಗೆ ರದ್ದು ಅಂದಿತು. ಈ ವಾದ ಕಟ್ಟಿಕೊಟ್ಟ ಕ್ಯಾಲ್ಹೂನ್ ಉಪಾಧ್ಯಕ್ಷ ಹುದ್ದೆ ಬಿಟ್ಟು ಬಂದ. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಅದೇ ರಾಜ್ಯದ ಕಡೆಯವನು, ಗುಲಾಮರನ್ನು ಇಟ್ಟುಕೊಂಡವನು. ಆದರೂ ಬಗ್ಗಲಿಲ್ಲ. ಸೈನ್ಯ ಬಳಸುವ ಕಾನೂನನ್ನೂ ಸುಂಕ ಇಳಿಸುವ ಕಾನೂನನ್ನೂ 1833ರಲ್ಲಿ ಒಟ್ಟಿಗೆ ತಂದರು. ಸೌತ್ ಕ್ಯಾರೋಲಿನಾ ಸುಂಕದ ವಿಷಯದಲ್ಲಿ ಹಿಂದೆ ಸರಿಯಿತು. ಮೀಸೆ ಮಣ್ಣಾಗಬಾರದಲ್ಲ, ಸೈನ್ಯದ ಕಾನೂನನ್ನು ಮಾತ್ರ ಕಾಗದದ ಮೇಲೆ ರದ್ದು ಮಾಡಿತು!

ಅಂತರ್ಯುದ್ಧ ಆಗಿದ್ದು ಗುಲಾಮಗಿರಿಗಾ, ರಾಜ್ಯಗಳ ಹಕ್ಕಿಗಾ?

ಈ ಪ್ರಶ್ನೆ ನನಗೆ ಬಂದಷ್ಟು ಬೇರೆ ಯಾವುದೂ ಬಂದಿಲ್ಲ. ಉತ್ತರ ಹುಡುಕಲು ಕಷ್ಟವೇನಿಲ್ಲ, ಹೋದವರೇ ಬರೆದಿಟ್ಟಿದ್ದಾರೆ.

1860ರ ನವೆಂಬರ್‌ನಲ್ಲಿ ಲಿಂಕನ್ ಗೆದ್ದ. ಅವನ ಪಕ್ಷ ಹೇಳಿದ್ದು ಗುಲಾಮಗಿರಿ ಹೊಸ ಪ್ರದೇಶಗಳಿಗೆ ಹರಡಬಾರದು ಅಂತ, ಅಷ್ಟೇ. ಡಿಸೆಂಬರ್ 20ಕ್ಕೆ ಸೌತ್ ಕ್ಯಾರೋಲಿನಾ ಹೊರಗೆ ಹೋಯಿತು. ಹಿಂದೆಯೇ ಮಿಸಿಸಿಪಿ, ಫ್ಲೋರಿಡಾ, ಅಲಬಾಮಾ, ಜಾರ್ಜಿಯಾ, ಲೂಸಿಯಾನಾ, ಟೆಕ್ಸಾಸ್. ಯುದ್ಧ ಶುರುವಾದ ಮೇಲೆ ಇನ್ನೂ ನಾಲ್ಕು ಸೇರಿ ಒಟ್ಟು 11. ಕೆಲವು ರಾಜ್ಯಗಳು ಯಾಕೆ ಹೋಗುತ್ತಿದ್ದೇವೆ ಅಂತ ಕಾರಣಪತ್ರ ಹೊರಡಿಸಿದವು. ಮಿಸಿಸಿಪಿಯ ಪತ್ರ ಶುರುವಿನಲ್ಲೇ ಹೇಳುತ್ತದೆ, ನಮ್ಮ ನಿಲುವು ಗುಲಾಮಗಿರಿಯ ಜೊತೆ ಪೂರ್ತಿ ಬೆಸೆದುಕೊಂಡಿದೆ ಅಂತ. ಕರಿಯರು ಬಿಳಿಯರಿಗೆ ಸಮಾನರಲ್ಲ ಅನ್ನುವುದೇ ನಮ್ಮ ಹೊಸ ಸರ್ಕಾರದ ಮೂಲೆಗಲ್ಲು ಅಂತ, ಹೋದವರೆಲ್ಲ ಸೇರಿ ಕಟ್ಟಿಕೊಂಡ ಸರ್ಕಾರದ ಉಪಾಧ್ಯಕ್ಷ ಅಲೆಕ್ಸಾಂಡರ್ ಸ್ಟೀಫನ್ಸ್ 1861ರ ಮಾರ್ಚ್‌ನಲ್ಲಿ ಭಾಷಣ ಮಾಡಿದ. ಆಗ ದೇಶದಲ್ಲಿ ಗುಲಾಮರ ಸಂಖ್ಯೆ ಹತ್ತಿರ ಹತ್ತಿರ 40 ಲಕ್ಷ.

ಇನ್ನು ‘ರಾಜ್ಯಗಳ ಹಕ್ಕು’. ಸೌತ್ ಕ್ಯಾರೋಲಿನಾದ ಕಾರಣಪತ್ರ ಓದಿದರೆ ನಗು ಬರುತ್ತದೆ. ಅವರ ದೊಡ್ಡ ದೂರು ಏನು ಗೊತ್ತಾ? ಉತ್ತರದ ರಾಜ್ಯಗಳು ತಮ್ಮದೇ ಕಾನೂನು ಮಾಡಿಕೊಂಡು, ತಪ್ಪಿಸಿಕೊಂಡು ಬಂದ ಗುಲಾಮರನ್ನು ಹಿಡಿದು ಕೊಡುತ್ತಿಲ್ಲ ಅಂತ. 1850ರಲ್ಲಿ ಕೇಂದ್ರ ಮಾಡಿದ ಕಾನೂನು ಹಿಡಿದು ಕೊಡಲೇಬೇಕು ಅನ್ನುತ್ತಿತ್ತು. ವಿಸ್ಕಾನ್ಸಿನ್ ಕೋರ್ಟು ನಾವು ಅದನ್ನು ಒಪ್ಪಲ್ಲ ಅಂದಿತು, 1859ರಲ್ಲಿ ಸುಪ್ರೀಂ ಕೋರ್ಟು ವಿಸ್ಕಾನ್ಸಿನ್ ಬಾಯಿ ಮುಚ್ಚಿಸಿತು. ಅಂದರೆ ಆಗ ರಾಜ್ಯದ ಹಕ್ಕು ಅಂತ ಕೂಗಿದವರು ಉತ್ತರದವರು, ಕೇಂದ್ರದ ಬಲ ಬೇಕು ಅಂದವರು ದಕ್ಷಿಣದವರು. ಒಂದೇ ವರ್ಷದಲ್ಲಿ ಮಾತು ಉಲ್ಟಾ ಆಯಿತು. ರಾಜ್ಯದ ಹಕ್ಕು ಅನ್ನುವುದು ವಾಷಿಂಗ್ಟನ್‌ನಲ್ಲಿ ಕುರ್ಚಿ ಕಳೆದುಕೊಂಡವರು ಎತ್ತಿಕೊಳ್ಳುವ ಕೋಲು. ಕುರ್ಚಿ ಸಿಕ್ಕ ದಿನ ಅದನ್ನು ಮೂಲೆಗೆ ಒರಗಿಸಿಬಿಡುತ್ತಾರೆ. ಅವತ್ತೂ ಹಾಗೆ, ಇವತ್ತೂ ಹಾಗೆ.

ಲಿಂಕನ್ ಅವರನ್ನು ಸುಮ್ನೆ ಬಿಟ್ಟುಬಿಡಬಹುದಿತ್ತಲ್ಲ?

ಅವನ ಹಿಂದಿನ ಅಧ್ಯಕ್ಷ ಬುಕಾನನ್ ಮಾಡಿದ್ದು ಹೆಚ್ಚು ಕಡಿಮೆ ಅದನ್ನೇ. ರಾಜ್ಯಗಳಿಗೆ ಹೋಗುವ ಹಕ್ಕಿಲ್ಲ, ಆದರೆ ಹೋಗುವವರನ್ನು ತಡೆಯುವ ಅಧಿಕಾರ ನನಗೂ ಇಲ್ಲ ಅಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು! ಅಷ್ಟರಲ್ಲಿ ಹೋದವರು ಕೋಟೆ, ಆಯುಧಾಗಾರ, ಸುಂಕದ ಕಟ್ಟೆ ಎಲ್ಲ ವಶಕ್ಕೆ ತೆಗೆದುಕೊಳ್ಳುತ್ತಾ ಬಂದರು.

ಲಿಂಕನ್ ವಾದ ಸರಳ. ಸೋತವರು ಎದ್ದು ಹೋಗಬಹುದಾದರೆ ಚುನಾವಣೆಗೆ ಅರ್ಥವೇ ಇಲ್ಲ. ನಾಳೆ ಹೊಸ ಒಕ್ಕೂಟದಲ್ಲಿ ಸೋತವರು ಅದನ್ನೂ ಬಿಟ್ಟು ಹೋಗುತ್ತಾರೆ. ಆದರೂ ಅವನು ಮೊದಲು ಗುಂಡು ಹಾರಿಸಲಿಲ್ಲ. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಫಿರಂಗಿ ಹಾರಿಸಿದ್ದು ದಕ್ಷಿಣದವರು. ನಾಲ್ಕು ವರ್ಷದಲ್ಲಿ ಸತ್ತವರು ಕಡಿಮೆ ಅಂದರೂ ಆರು ಲಕ್ಷ.

ಲಿಂಕನ್‌ನದ್ದೂ ಎಲ್ಲ ಸರಿ ಅಂತಲ್ಲ. ಬಂಧಿಸಿದವರನ್ನು ಕೋರ್ಟಿನ ಮುಂದೆ ತರುವ ಹಕ್ಕನ್ನು ಅವನು ಕಾಂಗ್ರೆಸ್ಸನ್ನು ಕೇಳದೆ ತಡೆಹಿಡಿದ. ನಾಗರಿಕ ಕೋರ್ಟು ನಡೆಯುತ್ತಿರುವ ಕಡೆ ಸಾಮಾನ್ಯ ಜನರನ್ನು ಸೈನಿಕ ಕೋರ್ಟಿನಲ್ಲಿ ವಿಚಾರಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿದ್ದು 1866ರಲ್ಲಿ. ಆಗ ಯುದ್ಧ ಮುಗಿದು ಲಿಂಕನ್ನೂ ಇರಲಿಲ್ಲ.

ಸೋತ ನಾಯಕರಿಗೆ ದೇಶದ್ರೋಹಕ್ಕೆ ಗಲ್ಲು ಆಯ್ತಾ?

ಆಗಲಿಲ್ಲ. ದಕ್ಷಿಣದ ಅಧ್ಯಕ್ಷನಾಗಿದ್ದ ಜೆಫರ್ಸನ್ ಡೇವಿಸ್ ಎರಡು ವರ್ಷ ಮನ್ರೋ ಕೋಟೆಯಲ್ಲಿ ಸೆರೆಯಲ್ಲಿದ್ದ. 1867ರಲ್ಲಿ ಜಾಮೀನು ಸಿಕ್ಕಿತು. ದೇಶದ್ರೋಹದ ವಿಚಾರಣೆ ನಡೆಯಲೇ ಇಲ್ಲ. ನಡೆದಿದ್ದರೆ ವರ್ಜೀನಿಯಾದ ರಿಚ್ಮಂಡ್‌ನಲ್ಲಿ, ಅಲ್ಲಿಯ ಜ್ಯೂರಿಯ ಮುಂದೆ ನಡೆಯಬೇಕಿತ್ತು. ಅವರು ತಪ್ಪಿತಸ್ಥನಲ್ಲ ಅಂದುಬಿಟ್ಟರೆ? ರಣರಂಗದಲ್ಲಿ ಗೆದ್ದದ್ದನ್ನು ಕೋರ್ಟಿನಲ್ಲಿ ಸೋತ ಹಾಗೆ. 1868ರ ಕ್ರಿಸ್‌ಮಸ್ ದಿನ ಅಧ್ಯಕ್ಷ ಆಂಡ್ರ್ಯೂ ಜಾನ್ಸನ್ ಎಲ್ಲರಿಗೂ ಕ್ಷಮಾದಾನ ಕೊಟ್ಟ.

ವರ್ಜೀನಿಯಾ ಒಡೆದು ವೆಸ್ಟ್ ವರ್ಜೀನಿಯಾ ಮಾಡಿದ್ದು ಮೋಸ ಅಲ್ವಾ?

ಕೈಚಳಕ ಅಂತೂ ಹೌದು. ರಾಜ್ಯವೊಂದನ್ನು ಒಡೆಯಬೇಕಾದರೆ ಆ ರಾಜ್ಯದ ಶಾಸನಸಭೆ ಒಪ್ಪಲೇಬೇಕು ಅಂತ ಸಂವಿಧಾನ ಹೇಳುತ್ತದೆ. ವರ್ಜೀನಿಯಾ ಹೊರಗೆ ಹೋದಾಗ ಅದರ ಪಶ್ಚಿಮದ ಗುಡ್ಡಗಾಡಿನವರು ವೀಲಿಂಗ್ ಊರಿನಲ್ಲಿ ಸೇರಿ, ನಾವೇ ಅಸಲಿ ವರ್ಜೀನಿಯಾ ಸರ್ಕಾರ ಅಂದರು. ವಾಷಿಂಗ್ಟನ್ ಮಾನ್ಯ ಮಾಡಿತು. ಆಮೇಲೆ ಆ ಸರ್ಕಾರವೇ ತನ್ನ ರಾಜ್ಯ ಒಡೆಯಲು ಒಪ್ಪಿಗೆ ಕೊಟ್ಟಿತು. 1863ರ ಜೂನ್ 20ಕ್ಕೆ ಹೊಸ ರಾಜ್ಯ. ಇದೂ ಬೇರೆಯಾಗುವುದೇ ಅಲ್ವಾ ಅಂತ ಕೇಳಿದವರಿಗೆ, ಸಂವಿಧಾನದ ವಿರುದ್ಧ ಹೋಗುವುದಕ್ಕೂ ಸಂವಿಧಾನದ ಪರ ಹೋಗುವುದಕ್ಕೂ ವ್ಯತ್ಯಾಸ ಇದೆ ಅಂತ ಲಿಂಕನ್ ಉತ್ತರ ಕೊಟ್ಟ. ಜಾಣ ಉತ್ತರ, ಪೂರ್ತಿ ಸಮಾಧಾನ ಕೊಡುವಂಥದ್ದಲ್ಲ.

## ಕೋರ್ಟು ಹೇಳಿದ್ದು

ಎಲ್ಲರೂ ‘ಟೆಕ್ಸಾಸ್ ವಿರುದ್ಧ ವೈಟ್’ ಅಂತಾರೆ. ಅದು ಏನು ಕೇಸು?

ಬೇರೆ ದೇಶ ಆಗುವ ಹಕ್ಕಿನ ಬಗ್ಗೆ ದೊಡ್ಡ ವಾದ ಇರಬೇಕು ಅಂದುಕೊಂಡರೆ, ಅಲ್ಲಿರುವುದು ಬಾಂಡಿನ ವ್ಯಾಜ್ಯ.

1850ರಲ್ಲಿ ಟೆಕ್ಸಾಸ್ ತನ್ನದು ಅನ್ನುತ್ತಿದ್ದ ಪಶ್ಚಿಮದ ಜಾಗ ಬಿಟ್ಟುಕೊಟ್ಟಿತು. ಅದಕ್ಕೆ ಪರಿಹಾರವಾಗಿ ಕೇಂದ್ರ ಬಾಂಡ್ ಕೊಟ್ಟಿತು. ಯುದ್ಧದ ಕಾಲದಲ್ಲಿ ಟೆಕ್ಸಾಸಿನ ಬಂಡಾಯ ಸರ್ಕಾರ ಉಳಿದಿದ್ದ ಬಾಂಡ್‌ಗಳಲ್ಲಿ ಕೆಲವನ್ನು ವೈಟ್ ಮತ್ತು ಚೈಲ್ಸ್ ಅನ್ನುವ ಇಬ್ಬರಿಗೆ ಕೊಟ್ಟಿತು. ಬದಲಿಗೆ ಅವರು ಹತ್ತಿ ಹಿಂಜುವ ಸಾಮಾನು, ಔಷಧ ತಂದುಕೊಡಬೇಕು ಅಂತ ಕರಾರು. ಯುದ್ಧ ಮುಗಿದ ಮೇಲೆ ಬಂದ ಹೊಸ ಸರ್ಕಾರ, ಆ ಮಾರಾಟ ಊರ್ಜಿತ ಅಲ್ಲ, ನಮ್ಮ ಬಾಂಡ್ ನಮಗೆ ಕೊಡಿಸಿ ಅಂತ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗೆ ನೇರ ಹೋಗುವ ಹಕ್ಕು ಇರುವುದು ರಾಜ್ಯಕ್ಕೆ. ಟೆಕ್ಸಾಸ್ ಆಗಿನ್ನೂ ಸೈನ್ಯದ ಕೈಕೆಳಗಿತ್ತು, ಕಾಂಗ್ರೆಸ್ಸಿನಲ್ಲಿ ಅದರ ಸದಸ್ಯರೇ ಇರಲಿಲ್ಲ. ಹಾಗಾದರೆ ಅದು ರಾಜ್ಯ ಹೌದಾ, ಅಲ್ಲವಾ? ಒಮ್ಮೆ ಹೊರಗೆ ಹೋಗಿದ್ದು ನಿಜವಾಗಿದ್ದರೆ ಕೇಸೇ ನಿಲ್ಲುವುದಿಲ್ಲ. ಹೀಗೆ ಬಾಂಡಿನ ಹಿಂದೆ ಹೋಗಿ ದೇಶದ ಬುಡಕ್ಕೇ ಬಂದರು. ಮುಖ್ಯ ನ್ಯಾಯಮೂರ್ತಿ ಸಾಲ್ಮನ್ ಚೇಸ್ ತೀರ್ಪು ಕೊಟ್ಟದ್ದು 1869ರ ಏಪ್ರಿಲ್ 12ರಂದು, ಸಮ್ಟರ್ ಕೋಟೆಯ ಮೇಲೆ ಗುಂಡು ಬಿದ್ದು ಸರಿಯಾಗಿ ಎಂಟು ವರ್ಷಕ್ಕೆ. ಇದು ಒಡೆಯಲಾಗದ ರಾಜ್ಯಗಳಿಂದ ಆದ ಒಡೆಯಲಾಗದ ಒಕ್ಕೂಟ. ಟೆಕ್ಸಾಸ್ ಹೊರಗೆ ಹೋದೆ ಅಂದದ್ದು ಕಾನೂನಿನ ಕಣ್ಣಲ್ಲಿ ಶೂನ್ಯ. ಅದು ಯಾವತ್ತೂ ಹೊರಗೆ ಹೋಗಿರಲೇ ಇಲ್ಲ. ಹೋಗಲು ಇರುವ ದಾರಿ ಎರಡೇ: ಕ್ರಾಂತಿ, ಇಲ್ಲವೇ ಉಳಿದ ರಾಜ್ಯಗಳ ಒಪ್ಪಿಗೆ.

ಮೂವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ. ಅವರಲ್ಲಿ ಗ್ರಿಯರ್ ಹೇಳಿದ್ದರ ತಾತ್ಪರ್ಯ, ಕಾನೂನಿನ ಕಲ್ಪನೆ ಬಿಡಿ, ಕಣ್ಣಿಗೆ ಕಾಣುವುದನ್ನು ನೋಡಿ ಅಂತ. ಐದು ಜನರ ಮಾತು ನಡೆಯಿತು.

ಗೆದ್ದವರ ಕೋರ್ಟು ತಾನೇ? ಲಿಂಕನ್ ಮಂತ್ರಿಯಾಗಿದ್ದವನೇ ಜಡ್ಜ್ ಆಗಿ ಹೇಳಿದ್ದಕ್ಕೆ ಏನು ಬೆಲೆ?

ಚೇಸ್ ಲಿಂಕನ್ ಸರ್ಕಾರದಲ್ಲಿ ಹಣಕಾಸು ನೋಡಿಕೊಳ್ಳುತ್ತಿದ್ದದ್ದು ನಿಜ. ಯುದ್ಧದ ಫಲಿತಾಂಶಕ್ಕೆ ಕೋರ್ಟು ಮುದ್ರೆ ಒತ್ತಿತು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಬಿಟ್ಟು ಹೋಗುವ ಹಕ್ಕಿಲ್ಲ ಅನ್ನುವ ಆ ಮಾತನ್ನು ಒಂದೂವರೆ ಶತಮಾನದಲ್ಲಿ ಯಾವ ಕೋರ್ಟೂ ಅಲ್ಲಾಡಿಸಿಲ್ಲ. ಅಲಾಸ್ಕದಲ್ಲಿ ಬೇರೆಯಾಗುವ ಬಗ್ಗೆ ಮತ ಹಾಕಿಸಬೇಕು ಅಂತ ಒಬ್ಬರು ಅರ್ಜಿ ಹಾಕಿದರು. 2006ರಲ್ಲಿ ಅಲಾಸ್ಕದ ಸುಪ್ರೀಂ ಕೋರ್ಟು ಈ ತೀರ್ಪನ್ನೇ ತೋರಿಸಿ, ಅಂಥ ಪ್ರಶ್ನೆಯನ್ನು ಮತಪತ್ರಕ್ಕೇ ತರುವ ಹಾಗಿಲ್ಲ ಅಂದಿತು. 2022ರಲ್ಲಿ ನ್ಯೂ ಹ್ಯಾಂಪ್‌ಶೈರ್ ಶಾಸನಸಭೆಯ ಮುಂದೆ ಇಂಥದ್ದೇ ಪ್ರಸ್ತಾವ ಬಂತು. ಪರವಾಗಿ ಬಿದ್ದ ಓಟು 13, ವಿರುದ್ಧ 323.

ಟೆಕ್ಸಾಸ್‌ಗೆ ಮಾತ್ರ ಬಿಟ್ಟು ಹೋಗುವ ವಿಶೇಷ ಹಕ್ಕು ಇದೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು, ನಿಜಾನಾ?

ಸುಳ್ಳು, ಆದರೆ ಬೆಂಕಿ ಇಲ್ಲದೆ ಹೊಗೆ ಬಂದಿಲ್ಲ. ಟೆಕ್ಸಾಸ್ 1836ರಿಂದ 1845ರವರೆಗೆ ಸ್ವತಂತ್ರ ದೇಶವಾಗಿತ್ತು. ಅಮೆರಿಕಕ್ಕೆ ಸೇರಿಸಿಕೊಂಡಾಗ ಕಾಂಗ್ರೆಸ್ ಮಾಡಿದ ನಿರ್ಣಯದಲ್ಲಿ, ಮುಂದೆ ಅದರ ನೆಲದಲ್ಲಿ ಇನ್ನೂ ನಾಲ್ಕರವರೆಗೆ ಹೊಸ ರಾಜ್ಯ ಮಾಡಬಹುದು ಅಂತ ಇತ್ತು. ಅದು ಒಕ್ಕೂಟದ ಒಳಗೇ ಪಾಲಾಗುವ ಮಾತು. ಮನೆ ಬಿಟ್ಟು ಹೋಗುವ ಮಾತಲ್ಲ. ಬಾಯಿಂದ ಬಾಯಿಗೆ ಹೋಗುತ್ತಾ ಕಥೆ ಬದಲಾಯಿತು. ಟೆಕ್ಸಾಸಿನ ರಿಪಬ್ಲಿಕನ್ ಪಕ್ಷ 2022ರಲ್ಲಿ ಸ್ವಾತಂತ್ರ್ಯದ ಬಗ್ಗೆ ಜನಮತ ಕೇಳಬೇಕು ಅಂತ ತನ್ನ ಪ್ರಣಾಳಿಕೆಯಲ್ಲಿ ಸೇರಿಸಿದ್ದು ಮಾತ್ರ ನಿಜ.

## ಕೇಂದ್ರದ ಕೈ ಎಷ್ಟು ಉದ್ದ?

ಬಿಟ್ಟು ಹೋಗುವುದು ಬೇಡ. ಕೇಂದ್ರದ ಕಾನೂನು ಇಷ್ಟ ಇಲ್ಲ ಅಂದರೆ ರಾಜ್ಯ ಒಪ್ಪಲ್ಲ ಅನ್ನಬಹುದಾ?

ರದ್ದು ಮಾಡುವ ಹಾಗಿಲ್ಲ, ಅಡ್ಡ ನಿಲ್ಲುವ ಹಾಗಿಲ್ಲ. ಆದರೆ ಕೈ ಜೋಡಿಸದೇ ಇರಬಹುದು. ರಾಜ್ಯದ ನಿಜವಾದ ಬಲ ಇರುವುದು ಇಲ್ಲೇ, ಮತ್ತು ಇದು ಯಾವ ಪತ್ರಿಕೆಯ ತಲೆಬರಹಕ್ಕೂ ಬರುವುದಿಲ್ಲ.

1997ರ ಒಂದು ಕೇಸು ನೋಡಿ. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಊರಿನ ಶೆರಿಫ್‌ಗಳು, ಅಂದರೆ ಅಲ್ಲಿನ ಪೊಲೀಸ್ ಮುಖ್ಯಸ್ಥರು, ವಿಚಾರಿಸಬೇಕು ಅಂತ ಕೇಂದ್ರ ಕಾನೂನು ಮಾಡಿತ್ತು. ಶೆರಿಫ್ ನಿಮ್ಮ ನೌಕರ ಅಲ್ಲ, ಅವರ ಕೈಲಿ ನಿಮ್ಮ ಕೆಲಸ ಮಾಡಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. 2018ರಲ್ಲಿ ಕ್ರೀಡಾ ಬೆಟ್ಟಿಂಗ್ ಕೇಸಿನಲ್ಲೂ ಅದೇ ಮಾತು. ಬಂದೂಕಿನ ಕೇಸಿನಲ್ಲಿ ಖುಷಿಪಟ್ಟವರು ಬಲಪಂಥದವರು. ಇವತ್ತು ವಲಸಿಗರನ್ನು ಹಿಡಿಯಲು ನಮ್ಮ ಪೊಲೀಸರನ್ನು ಕಳಿಸುವುದಿಲ್ಲ ಅನ್ನುವ ಎಡಪಂಥದ ನಗರಗಳೂ ಅದೇ ತೀರ್ಪನ್ನು ಹಿಡಿದುಕೊಂಡಿವೆ. ಅದೇ ಹಳೇ ಕೋಲು.

ಗಾಂಜಾ ಇನ್ನೂ ಸ್ವಾರಸ್ಯದ ಉದಾಹರಣೆ. 1970ರಿಂದ ಕೇಂದ್ರದ ಕಾನೂನಿನಲ್ಲಿ ಅದು ಅಪರಾಧ. ಔಷಧಕ್ಕೆ ಬಳಸಬಹುದು ಅಂತ ಕ್ಯಾಲಿಫೋರ್ನಿಯಾ 1996ರಲ್ಲಿ ಹೇಳಿತು, ಸುಮ್ನೆ ಸೇದಲೂ ಅಡ್ಡಿಯಿಲ್ಲ ಅಂತ ಕೊಲೊರಾಡೊ, ವಾಷಿಂಗ್ಟನ್ ರಾಜ್ಯಗಳು 2012ರಲ್ಲಿ ಹೇಳಿದವು. ಕೇಂದ್ರದ ಕಾನೂನೇ ಮೇಲು ಅಂತ 2005ರಲ್ಲೇ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಾಗಿತ್ತು. ಆದರೆ ಊರೂರಿನ ಪೊಲೀಸರು ರಾಜ್ಯದ ಕೈಲಿದ್ದಾರೆ. ಅವರು ಹಿಡಿಯದಿದ್ದರೆ ವಾಷಿಂಗ್ಟನ್ ಎಷ್ಟು ಜನರನ್ನು ಕಳಿಸೀತು? ಕಾನೂನಿನ ಪುಸ್ತಕ ಒಂದು ಹೇಳುತ್ತದೆ, ಬೀದಿಯ ಅಂಗಡಿ ಇನ್ನೊಂದು ಹೇಳುತ್ತದೆ.

ಒಬ್ಬ ರೈತ ತನ್ನ ಮನೆಗೆ ಬೆಳೆದ ಗೋಧಿಗೂ ಕೇಂದ್ರ ದಂಡ ಹಾಕಿತ್ತಂತೆ, ಹೌದಾ?

ಹೌದು. ಓಹಾಯೋದ ರೈತ ರಾಸ್ಕೋ ಫಿಲ್ಬರ್ನ್. ಬೆಲೆ ಕುಸಿಯಬಾರದು ಅಂತ ಕೇಂದ್ರ ಒಬ್ಬೊಬ್ಬರಿಗೂ ಇಷ್ಟೇ ಎಕರೆ ಅಂತ ಗೊತ್ತು ಮಾಡಿತ್ತು. ಇವನಿಗೆ ಸಿಕ್ಕಿದ್ದು 11.1 ಎಕರೆ, ಬೆಳೆದದ್ದು 23. ಜಾಸ್ತಿ ಬೆಳೆದದ್ದಕ್ಕೆ 117 ಡಾಲರ್ ಚಿಲ್ಲರೆ ದಂಡ ಬಿತ್ತು. ಅದು ನನ್ನ ದನಕ್ಕೆ, ಕೋಳಿಗೆ, ಮನೆಯ ರೊಟ್ಟಿಗೆ, ರಾಜ್ಯದ ಗಡಿ ದಾಟಿಲ್ಲ, ನಿಮಗೇನು ಸಂಬಂಧ ಅಂತ ಅವನ ವಾದ. ನೀನು ಬೆಳೆದುಕೊಂಡರೆ ಪೇಟೆಯಲ್ಲಿ ಕೊಳ್ಳುವುದಿಲ್ಲ, ನಿನ್ನಂಥವರು ಸಾವಿರಾರು ಜನ ಸೇರಿದರೆ ದೇಶದ ಬೆಲೆ ಬೀಳುತ್ತದೆ ಅಂತ 1942ರಲ್ಲಿ ಕೋರ್ಟು ಒಮ್ಮತದಿಂದ ಹೇಳಿತು.

ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಅನ್ನುವ ಒಂದು ಸಾಲನ್ನು ರಬ್ಬರಿನ ಹಾಗೆ ಎಳೆದದ್ದು ಹೀಗೆ. ಒಳ್ಳೆಯದಕ್ಕೂ ಎಳೆದರು ಅನ್ನುವುದನ್ನು ಮರೆಯಬಾರದು. ಕರಿಯರಿಗೆ ರೂಮು ಕೊಡಲ್ಲ ಅಂದ ಅಟ್ಲಾಂಟಾದ ಮೋಟೆಲ್ ಒಂದು 1964ರಲ್ಲಿ ಸೋತದ್ದು ಇದೇ ಸಾಲಿನ ಬಲದಿಂದ. ರಬ್ಬರು ಮೊದಲ ಸಲ ಹಿಂದಕ್ಕೆ ಬಂದದ್ದು 1995ರಲ್ಲಿ. ಶಾಲೆಯ ಹತ್ತಿರ ಬಂದೂಕು ಹಿಡಿಯುವುದು ವ್ಯಾಪಾರ ಅಲ್ಲ ಅಂತ ಕೋರ್ಟು ಆ ಕೇಂದ್ರ ಕಾನೂನನ್ನು ಹೊಡೆದುಹಾಕಿತು. 2012ರಲ್ಲಿ ಒಬಾಮಾ ಆರೋಗ್ಯ ವಿಮೆಯ ಕೇಸು ಬಂತು. ವಿಮೆ ಕೊಳ್ಳಲೇಬೇಕು ಅಂತ ವ್ಯಾಪಾರದ ಹೆಸರಲ್ಲಿ ಹೇಳುವ ಹಾಗಿಲ್ಲ, ಆದರೆ ಕೊಳ್ಳದವರ ಮೇಲೆ ತೆರಿಗೆ ಹಾಕಬಹುದು ಅಂತ ತೀರ್ಪು. ಬಾಗಿಲು ಹಾಕಿ ಕಿಟಕಿ ತೆಗೆದ ಹಾಗೆ.

ದುಡ್ಡು ಕೊಡಲ್ಲ ಅಂತ ಹೆದರಿಸಿ ರಾಜ್ಯಗಳನ್ನು ಬಗ್ಗಿಸಬಹುದಾ?

ಒಂದು ಮಿತಿಯ ತನಕ. ಅಮೆರಿಕದಲ್ಲಿ ಮದ್ಯಪಾನಕ್ಕೆ ಎಲ್ಲ ಕಡೆ 21 ವಯಸ್ಸು ಯಾಕೆ ಗೊತ್ತಾ? ಅದು ನೇರವಾಗಿ ಕೇಂದ್ರದ ನಿಯಮ ಅಲ್ಲ. 21 ಮಾಡದಿದ್ದರೆ ಹೆದ್ದಾರಿ ಅನುದಾನದಲ್ಲಿ ಸ್ವಲ್ಪ ಕತ್ತರಿಸುತ್ತೇವೆ ಅಂತ 1984ರಲ್ಲಿ ಕಾಂಗ್ರೆಸ್ ಹೇಳಿತು. ಸೌತ್ ಡಕೋಟ ಕೋರ್ಟಿಗೆ ಹೋಗಿ 1987ರಲ್ಲಿ ಸೋತಿತು. ಕತ್ತರಿಸುವುದು ಶೇ 5 ಮಾತ್ರ, ಅದು ಒತ್ತಾಯ ಅಲ್ಲ ಅಂತ ಕೋರ್ಟು. ಬಡವರ ಆರೋಗ್ಯ ಯೋಜನೆ ವಿಸ್ತರಿಸದಿದ್ದರೆ ಹಳೆಯ ಅನುದಾನವೂ ಪೂರ್ತಿ ಹೋಗಬಹುದು ಅಂದಾಗ, ಅದು ತಲೆಗೆ ಬಂದೂಕು ಇಟ್ಟ ಹಾಗೆ ಅಂತ 2012ರಲ್ಲಿ ತಡೆಯಿತು. ಶೇ 5ಕ್ಕೂ ಪೂರ್ತಿಗೂ ನಡುವೆ ಗೆರೆ ಎಲ್ಲಿ? ಕೋರ್ಟು ಎಳೆದಿಲ್ಲ.

ಗವರ್ನರ್ ಬೇಡ ಅಂದರೂ ಅಧ್ಯಕ್ಷರು ಸೈನ್ಯ ನುಗ್ಗಿಸಬಹುದಾ?

ಕೆಲವು ಸಂದರ್ಭದಲ್ಲಿ ಹೌದು. 1957ರಲ್ಲಿ ಆರ್ಕನ್ಸಾದ ಲಿಟಲ್ ರಾಕ್‌ನಲ್ಲಿ ಒಂಬತ್ತು ಕರಿಯ ಮಕ್ಕಳು ಬಿಳಿಯರ ಹೈಸ್ಕೂಲಿಗೆ ಸೇರಬೇಕಿತ್ತು. ಕೋರ್ಟಿನ ಆದೇಶವೂ ಇತ್ತು. ಗವರ್ನರ್ ಫಾಬಸ್ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಕೈಕೆಳಗಿನ ಮೀಸಲು ಸೈನ್ಯ, ನಿಲ್ಲಿಸಿ ಮಕ್ಕಳನ್ನು ತಡೆದ. ಅಧ್ಯಕ್ಷ ಐಸೆನ್‌ಹೋವರ್ ಅದೇ ಗಾರ್ಡನ್ನು ತನ್ನ ಕೈಗೆ ತೆಗೆದುಕೊಂಡು, ಜೊತೆಗೆ 101ನೇ ಏರ್‌ಬೋರ್ನ್ ಸೈನಿಕರನ್ನೂ ಕಳಿಸಿದ. ಇದಕ್ಕೆ ಆಧಾರ 1807ರ ಕಾಲದಿಂದ ಇರುವ ದಂಗೆ ಅಡಗಿಸುವ ಕಾನೂನು. ಮಾಮೂಲಿ ಪೊಲೀಸ್ ಕೆಲಸಕ್ಕೆ ಸೈನ್ಯ ಬಳಸಬಾರದು ಅನ್ನುವ 1878ರ ಕಾನೂನೂ ಇದೆ. 2025ರಲ್ಲಿ ಕ್ಯಾಲಿಫೋರ್ನಿಯಾ ಗವರ್ನರ್ ಬೇಡ ಅಂದರೂ ಅಲ್ಲಿನ ಗಾರ್ಡನ್ನು ಲಾಸ್ ಏಂಜಲೀಸ್‌ಗೆ ಕಳಿಸಿದಾಗ ಜಗಳ ಮತ್ತೆ ಕೋರ್ಟಿಗೆ ಹೋಯಿತು. ಮಕ್ಕಳನ್ನು ಶಾಲೆಗೆ ಕಳಿಸಲು ಬಂದ ಸೈನ್ಯಕ್ಕೆ ಚಪ್ಪಾಳೆ ಹೊಡೆದವರು, ಬೇರೆ ಕೆಲಸಕ್ಕೆ ಬಂದಾಗ ಅದೇ ಅಧಿಕಾರದ ಮಿತಿ ಎಲ್ಲಿ ಅಂತ ಕೇಳಬೇಕಾಗುತ್ತದೆ.

## ನಮ್ಮವರು ಕೇಳುವ ಎರಡು ಪ್ರಶ್ನೆ, ಕಡೆಗೊಂದು ಕಗ್ಗಂಟು

ಭಾರತದ ಜೊತೆ ಹೋಲಿಸಿದರೆ ಯಾರ ರಾಜ್ಯಕ್ಕೆ ಬಲ ಜಾಸ್ತಿ?

ಅವರದ್ದಕ್ಕೆ, ಅನುಮಾನವೇ ಇಲ್ಲ. ಬಿಟ್ಟು ಹೋಗುವ ಹಕ್ಕು ಇಬ್ಬರಿಗೂ ಇಲ್ಲ. ನಮ್ಮ ಒಕ್ಕೂಟ ರಾಜ್ಯಗಳು ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದಲ್ಲ, ಹಾಗಾಗಿ ಯಾವ ರಾಜ್ಯಕ್ಕೂ ಹೋಗುವ ಹಕ್ಕಿಲ್ಲ ಅಂತ ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹೇಳಿದ್ದರು. ಅಮೆರಿಕದವರು ಯುದ್ಧ ಮಾಡಿ ತೀರ್ಮಾನ ಮಾಡಿಕೊಂಡದ್ದನ್ನು ನಾವು ಮೊದಲೇ ಬರೆದುಕೊಂಡೆವು.

ವ್ಯತ್ಯಾಸ ಇರುವುದು ಬೇರೆ ಕಡೆ. ಅಲ್ಲಿ ರಾಜ್ಯದ ಒಪ್ಪಿಗೆ ಇಲ್ಲದೆ ಅದರ ಗಡಿ ಮುಟ್ಟುವ ಹಾಗಿಲ್ಲ. ನಮ್ಮಲ್ಲಿ ಸಂಸತ್ತು ಶಾಸನಸಭೆಯ ಅಭಿಪ್ರಾಯ ಕೇಳಬೇಕು, ಒಪ್ಪಬೇಕಾಗಿಲ್ಲ. 2014ರಲ್ಲಿ ಆಂಧ್ರದ ವಿಧಾನಸಭೆ ಬೇಡ ಅಂದರೂ ತೆಲಂಗಾಣ ಆಯಿತು. ಅಲ್ಲಿ ಅಧ್ಯಕ್ಷರು ಯಾವ ಗವರ್ನರನ್ನೂ ಮನೆಗೆ ಕಳಿಸಲಾರರು. ನಮ್ಮಲ್ಲಿ ಏನಾಗುತ್ತಿತ್ತು ಅಂತ ಕರ್ನಾಟಕದವರಿಗೆ ಹೇಳಬೇಕಾ? 1989ರಲ್ಲಿ ಎಸ್.ಆರ್. ಬೊಮ್ಮಾಯಿಯವರಿಗೆ ಸದನದಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ ಸರ್ಕಾರ ವಜಾ ಮಾಡಿದರು. ಬಹುಮತದ ಪರೀಕ್ಷೆ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ ಅಂತ 1994ರಲ್ಲಿ ನಮ್ಮ ಸುಪ್ರೀಂ ಕೋರ್ಟು ಹೇಳಿತು. ಇವತ್ತು ಯಾವ ರಾಜ್ಯದ ಸರ್ಕಾರ ಅಲ್ಲಾಡಿದರೂ ವಕೀಲರು ಮೊದಲು ತೆಗೆಯುವುದು ನಮ್ಮ ಬೊಮ್ಮಾಯಿ ಕೇಸನ್ನೇ.

ನಾವು ಡಲ್ಲಾಸ್‌ನಲ್ಲಿದ್ದೇವೆ. ಟೆಕ್ಸಾಸ್ ಬೇರೆಯಾದರೆ ನಮ್ಮ ಗ್ರೀನ್ ಕಾರ್ಡ್ ಗತಿ ಏನು?

ನಿದ್ದೆ ಕೆಡಿಸಿಕೊಳ್ಳಬೇಡಿ, ಬೇರೆಯಾಗುವುದಿಲ್ಲ. ಆದರೆ ಪರ್ಸಿನಲ್ಲಿರುವ ಕಾರ್ಡುಗಳನ್ನು ಒಮ್ಮೆ ಹರವಿ ನೋಡಿ. ಗ್ರೀನ್ ಕಾರ್ಡ್, ವೀಸಾ, ಪೌರತ್ವ, ಸೋಷಿಯಲ್ ಸೆಕ್ಯುರಿಟಿ ಕೇಂದ್ರದ್ದು. ಡ್ರೈವಿಂಗ್ ಲೈಸೆನ್ಸ್, ಕಾರಿನ ನೋಂದಣಿ, ಮದುವೆಯ ಸರ್ಟಿಫಿಕೇಟು ರಾಜ್ಯದ ಕಡೆಯವು. ಡಲ್ಲಾಸಿನಿಂದ ಕ್ಯಾಲಿಫೋರ್ನಿಯಾಕ್ಕೆ ಮನೆ ಬದಲಾಯಿಸಿದರೆ ಯಾವುದು ಬದಲಾಗುತ್ತದೆ, ಯಾವುದು ಹಾಗೇ ಉಳಿಯುತ್ತದೆ ಅಂತ ನೋಡಿದರೆ ಅಲ್ಲಿನ ಒಕ್ಕೂಟ ಅರ್ಧ ಅರ್ಥವಾದ ಹಾಗೆ.

ಎಲ್ಲರೂ ಒಪ್ಪಿ ಕಳಿಸಿಕೊಟ್ಟರೆ? ಅದಕ್ಕೆ ದಾರಿ ಏನು?

ಒಪ್ಪಿಗೆ ಇದ್ದರೆ ಆಗಬಹುದು ಅಂತ ಚೇಸ್ ಬರೆದ, ಒಪ್ಪಿಗೆ ಹೇಗೆ ಪಡೆಯಬೇಕು ಅಂತ ಬರೆಯಲಿಲ್ಲ. ತಕರಾರು ಬರದ ದಾರಿ ಅಂದರೆ ಸಂವಿಧಾನದ ತಿದ್ದುಪಡಿ. ಕಾಂಗ್ರೆಸ್ಸಿನ ಎರಡೂ ಸದನದಲ್ಲಿ ಮೂರನೇ ಎರಡು ಭಾಗ ಬೇಕು, ಆಮೇಲೆ 50 ರಾಜ್ಯಗಳಲ್ಲಿ 38 ಒಪ್ಪಬೇಕು. ಪಕ್ಕದ ಕೆನಡಾದಲ್ಲಿ ಕ್ವಿಬೆಕ್ 1995ರಲ್ಲಿ ಓಟು ಹಾಕಿತು, ಬೇರೆಯಾಗಬೇಕು ಅಂದವರು ಕೂದಲೆಳೆಯಲ್ಲಿ ಸೋತರು. 1998ರಲ್ಲಿ ಕೆನಡಾದ ಸುಪ್ರೀಂ ಕೋರ್ಟು, ಒಬ್ಬರೇ ತೀರ್ಮಾನ ಮಾಡಿ ಹೋಗುವ ಹಾಗಿಲ್ಲ, ಆದರೆ ಸ್ಪಷ್ಟ ಪ್ರಶ್ನೆಗೆ ಸ್ಪಷ್ಟ ಬಹುಮತ ಬಂದರೆ ಉಳಿದವರು ಮಾತುಕತೆಗೆ ಕೂರಲೇಬೇಕು ಅಂದಿತು. ಅಮೆರಿಕದಲ್ಲಿ ಅಂಥ ಕಟ್ಟುಪಾಡು ಯಾರ ಮೇಲೂ ಇಲ್ಲ.

ಕೂತರೂ ಪಾಲುಪಟ್ಟಿ ಬರೆಯುವುದು ಸುಲಭ ಅಲ್ಲ. ರಾಷ್ಟ್ರದ ಸಾಲದಲ್ಲಿ ಎಷ್ಟು ಪಾಲು? ಸೈನ್ಯದ ನೆಲೆ ಯಾರದ್ದು? ವಾಷಿಂಗ್ಟನ್‌ಗೆ ದುಡ್ಡು ಕಟ್ಟಿದ ಮುದುಕರಿಗೆ ಪಿಂಚಣಿ ಯಾರು ಕೊಡಬೇಕು? ನೆವಾಡ ರಾಜ್ಯವನ್ನೇ ತೆಗೆದುಕೊಳ್ಳಿ. ಅದರ ನೆಲದಲ್ಲಿ ಸುಮಾರು ಶೇ 80 ಈಗಲೂ ಕೇಂದ್ರದ ಹೆಸರಿನಲ್ಲೇ ಇದೆ. ಅದು ಬೇರೆಯಾಗಬೇಕು ಅಂದರೆ, ಮೊದಲು ತನ್ನ ರಾಜ್ಯದ ಐದರಲ್ಲಿ ನಾಲ್ಕು ಭಾಗಕ್ಕೆ ವಾಷಿಂಗ್ಟನ್ ಜೊತೆ ಕ್ರಯಪತ್ರದ ಮಾತಾಡಬೇಕು.